ತಂಪಿನಂಗಡಿಯ ನಂಟು

ವಿಜಯಪುರದ ಬೇಸಗೆಯನ್ನು ಉಂಡವರೇ ಬಲ್ಲರು. ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನ ಗೋಡೆಗಳು ರಾತ್ರಿಯಾದರೂ ಕಾವು ಬಿಡುವುದಿಲ್ಲ. ಅಂಥ ಸಂಜೆ ಸಂಸಾರ ಸಮೇತರಾಗಿ ಹೊರಟವರ ಕಾಲು ತಾನಾಗಿಯೇ ಓಣಿಯ ಐಸ್‌ಕ್ರೀಂ ಅಂಗಡಿಯತ್ತ ತಿರುಗುತ್ತದೆ. ತಿಕೋಟಾದಿಂದ ಮದುವೆಯ ಜವಳಿಗೆಂದು ಬಂದವರು, ಬಬಲೇಶ್ವರದ ಬಸ್ಸಿಗೆ ಇನ್ನೂ ಅರ್ಧ ತಾಸು ಇರುವವರು, ಎಲ್ಲರೂ ಅಲ್ಲಿಯೇ.

ಇಟಲಿಯವರು ತಮ್ಮ ಜೆಲಾಟೊವನ್ನು ಬಹಳ ಹೊಗಳಿಕೊಳ್ಳುತ್ತಾರೆ. ಅದರಲ್ಲಿ ಕೆನೆ ಕಡಿಮೆ, ಹಾಲು ಹೆಚ್ಚು; ನಿಧಾನವಾಗಿ ಕಡೆಯುವುದರಿಂದ ಗಾಳಿ ಹೆಚ್ಚು ಸೇರದೆ ದಟ್ಟವಾಗಿರುತ್ತದೆ. ನಮ್ಮ ಕುಲ್ಫಿಯನ್ನಂತೂ ಕಡೆಯುವುದೇ ಇಲ್ಲ. ಹಾಲನ್ನು ಬತ್ತಿಸಿ, ಅಚ್ಚಿಗೆ ಹೊಯ್ದು, ಉಪ್ಪು ಬೆರೆಸಿದ ಐಸಿನಲ್ಲಿ ಹುಗಿದರಾಯಿತು. ದಟ್ಟತನದಲ್ಲಿ ಇವೆರಡೂ ದೂರದ ದಾಯಾದಿಗಳೇ ಸರಿ! ಆದರೆ ಓಣಿಯ ಅಂಗಡಿ ನಮ್ಮದೆನಿಸುವುದು ಬರಿಯ ರುಚಿಯಿಂದಲ್ಲ. “ಏನವಾ ತಂಗಿ, ಪರೀಕ್ಷಿ ಮುಗೀತೇನು?” ಎಂದು ಕೇಳುವ ಮಾಲೀಕರಿಂದ.

ಮುಂಬಯಿಯ ಜುಹುವಿನಲ್ಲಿ 1984ರ ಫೆಬ್ರುವರಿ 14ರಂದು ‘ನ್ಯಾಚುರಲ್ಸ್’ ಅಂಗಡಿಯನ್ನು ತೆರೆದ ರಘುನಂದನ ಕಾಮತರು ನಮ್ಮ ಕರಾವಳಿಯ ಮೂಲ್ಕಿಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ. ಏಳು ಮಕ್ಕಳಲ್ಲಿ ಕೊನೆಯವರು. ಒಳ್ಳೆಯ ಹಣ್ಣನ್ನು ಆರಿಸುವ ವಿದ್ಯೆ ತಂದೆಯಿಂದ ಬಂದದ್ದು. ಬರಿಯ ಐಸ್‌ಕ್ರೀಮಿಗೆ ಜನ ಬಂದಾರೋ ಇಲ್ಲವೋ ಎಂಬ ಅಳುಕಿನಿಂದ ಮೊದಮೊದಲು ಖಾರದ ಪಾವ್‌ಭಾಜಿಯನ್ನೂ ಮಾರಿದರು. ನಾಲಗೆ ಉರಿದವರು ತಂಪು ಕೇಳದೆ ಹೋದಾರೆಯೇ? ಮೊದಲ ರುಚಿಗಳಲ್ಲಿ ಸೀತಾಫಲವಿತ್ತು, ಗೋಡಂಬಿ-ದ್ರಾಕ್ಷಿಯಿತ್ತು. ಕಾಮತರು 2024ರ ಮೇ 17ರಂದು ತೀರಿಕೊಂಡರು.

ಗೋಡಂಬಿ-ದ್ರಾಕ್ಷಿ ಎಂದೊಡನೆ ನಮ್ಮ ತಿಕೋಟಾ, ಬಬಲೇಶ್ವರದವರ ಕಿವಿ ನಿಮಿರುತ್ತದೆ. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದೊಳಗೆ ಬಲೆಗಳ ಮೇಲೆ ಹರಡಿ, ಸುಮಾರು ಎರಡು ವಾರ ಒಣಗಿಸಬೇಕು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಎರಡು ವಾರದಲ್ಲಿ ಅಕಾಲದ ಮಳೆ ಬಂತೋ, ಬಣ್ಣ ಕೆಟ್ಟಿತು, ಬೂಷ್ಟು ಹಿಡಿಯಿತು, ವರುಷದ ದುಡಿಮೆ ಹೋಯಿತು.

ಅಂಥದೊಂದು ಮಳೆಯ ವರುಷ ಬಬಲೇಶ್ವರದ ಕಡೆಯ ಹಿರಿಯರೊಬ್ಬರು ಮೊಮ್ಮಗಳೊಡನೆ ನಮ್ಮ ಓಣಿಯ ಅಂಗಡಿಗೆ ಬಂದು ಒಂದೇ ಬಟ್ಟಲು ಹೇಳಿದರು.

“ನಿಮಗ ಬ್ಯಾಡೇನ್ರಿ, ಗೌಡ್ರ?”

“ಹಲ್ಲು ಜುಮ್ ಅಂತಾವಪಾ.”

ಹಿಂದಿನ ಬೇಸಗೆಯಲ್ಲಿ ಅವೇ ಹಲ್ಲುಗಳು ಎರಡು ಬಟ್ಟಲು ಮುಗಿಸಿದ್ದನ್ನು ಮಾಲೀಕರು ಮರೆತಿರಲಿಲ್ಲ. ಏನೂ ಆಡದೆ ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದಿಟ್ಟರು. “ಈ ಸಲ ಒಣದ್ರಾಕ್ಷಿ ಬ್ಯಾರೆ ಕಡೆಯಿಂದ ತರಿಸೀವ್ರಿ. ಹ್ಯಾಂಗ ಆಗೇದ, ನೀವ ಹೇಳಬೇಕು.”

ಗೌಡರು ಚಮಚೆಯಿಂದ ಒಂದೇ ಒಂದು ದ್ರಾಕ್ಷಿಯನ್ನೆತ್ತಿ, ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದರು.

“ನಮ್ಮದರಷ್ಟು ಸಿಹಿ ಇಲ್ಲ” ಎಂದು ತೀರ್ಪು ಕೊಟ್ಟು, ಬಟ್ಟಲನ್ನು ಪೂರ್ತಿ ಖಾಲಿ ಮಾಡಿದರು.