ದೊಡ್ಡ ಮಷೀನ್ ಯಾಕ್ ಬೇಕಿತ್ತು ನಮಗೆ?

ನಾವು ಮೂವರು: ಒಬ್ಬ ರೋಣದವ, ಒಬ್ಬ ನರಗುಂದದವ, ಇನ್ನೊಬ್ಬ ಗಜೇಂದ್ರಗಡದವ. ಡಿಬಿಎಂಎಸ್ ಮಿನಿ ಪ್ರಾಜೆಕ್ಟಿಗೆ ಮೂರೂ ಊರಿನ ಕಡಲೆ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಹೀಗೆ 12 ಬೆಳೆಗಳ ದರ ತೋರಿಸೋ ಆಪ್ ಮಾಡಿದ್ವಿ. ಡೇಟಾ ಎಲ್ಲಾ ಸೇರಿ ಕೆಲವೇ ಎಂಬಿ. ಆದ್ರೂ ಪೇಜ್ ತೆರೆಯೋಕೆ 9 ಸೆಕೆಂಡ್!

ನಮಗೆ ಹೊಳೆದ ಉಪಾಯ ಒಂದೇ, ದೊಡ್ಡ ಮಷೀನ್. 1 ಜಿಬಿ ಮೆಮೊರಿ ಇದ್ದದ್ದನ್ನ 16 ಜಿಬಿ ಮಾಡಿದ್ವಿ. ಸಾಲದ್ದಕ್ಕೆ ಸ್ಟ್ಯಾಂಡ್‌ಬೈ ಬೇರೆ; ಅಂದ್ರೆ ಅಷ್ಟೇ ದೊಡ್ಡ ಇನ್ನೊಂದು ಮಷೀನ್ ಸುಮ್ಮನೆ ಕಾಯ್ತಾ ಕೂರೋದು, ಬಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಪೇಜ್ ಮಾತ್ರ ಅದೇ 9 ಸೆಕೆಂಡ್. ತಿಂಗಳ ಬಿಲ್ ಮೂವರ ಮೆಸ್ ದುಡ್ಡನ್ನ ನುಂಗಿತು.

ಊರಿಗೆ ಹೋದಾಗ ನರಗುಂದದ ಅಜ್ಜಗ ಇದನ್ನ ಹೇಳಿದ್ವಿ. "ನೀರ ಬರಲಾರದ ಹೊಲಕ್ಕ ಕರಾ ಕಟ್ಟಿದಂಗಾತಲ್ಲೋ ತಮ್ಮಾ" ಅಂದ್ರು. 1980ರಲ್ಲಿ ಮಲಪ್ರಭಾ ಕಾಲುವೆ ಭಾಗದ ರೈತರು ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದು ನಿಂತದ್ದು, ಜುಲೈ 21ರಂದು ಗೋಲಿಬಾರ್ ಆದದ್ದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅವರ ಮೇಲೆ ಕರ ಹೇರಿದ್ರು. ನಮ್ಮ ಮೇಲೆ ನಾವೇ ಹೇರ್ಕೊಂಡ್ವಿ, ನಾಚಿಕೆ ಆಯ್ತು.

ಆಮೇಲೆ ಕೂತು ನೋಡಿದ್ವಿ. ಆಪ್ ನಡೀತಿದ್ದದ್ದು ನಮ್ಮ ಲ್ಯಾಪ್‌ಟಾಪಲ್ಲಿ, ಡೇಟಾಬೇಸ್ ಇದ್ದದ್ದು ಅಮೆರಿಕದಲ್ಲಿ. ರೀಜನ್ ಅನ್ನೋ ಕಾಲಮ್ಮನ್ನ ನಾವು ಮುಟ್ಟೇ ಇರಲಿಲ್ಲ. ಒಂದು ಸಲ ಹೋಗಿ ಬರೋಕೆ ಸುಮಾರು ಕಾಲು ಸೆಕೆಂಡ್. ನಮ್ಮ ಕೋಡ್ ಪ್ರತಿ ಬೆಳೆಗೆ, ಪ್ರತಿ ಊರಿಗೆ ಬೇರೆ ಬೇರೆ ಕ್ವೆರಿ ಕಳಿಸ್ತಿತ್ತು: ಒಟ್ಟು 36. ಲೆಕ್ಕ ಹಾಕಿ, 9 ಸೆಕೆಂಡ್! ಮೆಮೊರಿ ಎಷ್ಟು ಹೆಚ್ಚಿಸಿದ್ರೂ ದಾರಿ ಹತ್ತಿರ ಆಗಲ್ಲ. ಡೇಟಾಬೇಸನ್ನ ಮುಂಬೈಗೆ ತಂದು, 36 ಕ್ವೆರಿಯನ್ನ ಒಂದು ಮಾಡಿ, ಮತ್ತೆ 1 ಜಿಬಿ ಮಷೀನಿಗೇ ಬಂದ್ವಿ. ಪೇಜ್ ಈಗ ಕಣ್ಣು ಮಿಟುಕಿಸೋದ್ರಲ್ಲಿ ಬರತ್ತೆ.

ಹಾಗಂತ ಸಣ್ಣದೇ ಯಾವಾಗ್ಲೂ ಸರಿ ಅಂತಲ್ಲ. ಅಗ್ಗದ ಬರ್ಸ್ಟಬಲ್ ಮಷೀನ್ ಕೃಷಿಹೊಂಡ ಇದ್ದಂಗೆ. ಕೆಲಸ ಇಲ್ಲದಾಗ ಕ್ರೆಡಿಟ್ ತುಂಬ್ಕೊಳತ್ತೆ, ಬೇಕಾದಾಗ ಬಳಸತ್ತೆ; ದಿನಾ ಪೂರ್ತಿ ಪಂಪ್ ಹೊಡೆದ್ರೆ ತಳ ಕಾಣತ್ತೆ. ಸ್ಟ್ಯಾಂಡ್‌ಬೈ ಕೂಡ ದಂಡ ಅಲ್ಲ. ಪಹಣಿ ಕೊಡೋ ಭೂಮಿಯಂಥ ವ್ಯವಸ್ಥೆ ಅರ್ಧ ದಿನ ನಿಂತ್ರೆ ಜನರ ಸಾಲ, ಖರೀದಿ ನಿಲ್ಲತ್ತೆ. ಅಲ್ಲಿ ಬೇಕೇ ಬೇಕು. ನಮ್ಮ ದರದ ಆಪಿಗೆ ದಿನಕ್ಕೊಂದು ಬ್ಯಾಕಪ್ ಸಾಕು.

ಲ್ಯಾಬಲ್ಲಿ ನಾರ್ಮಲೈಸೇಶನ್ ಕಲಿಸ್ತಾರೆ, ಬಿಲ್ ಓದೋದನ್ನ ಕಲಿಸಲ್ಲ. ವೈವಾದಲ್ಲಿ ಇಆರ್ ಡಯಾಗ್ರಾಮ್ ಕೇಳಿದ ಮೇಲೆ ಸರ್, ಮೇಡಂ ಇನ್ನೊಂದು ಪ್ರಶ್ನೆ ಕೇಳಲಿ ಅನ್ನೋದು ನಮ್ಮ ಬೇಡಿಕೆ: ಇದರ ತಿಂಗಳ ಬಾಡಿಗೆ ಎಷ್ಟು, ಯಾಕೆ ಅಷ್ಟು?