ಅಕ್ಕಿಯ ಆರ್‌ಎನ್‌ಎ ಮತ್ತು ನಮ್ಮ ಕೊಲೆಸ್ಟರಾಲ್

ಭದ್ರಾ ನಾಲೆಯ ನೀರಿನಲ್ಲಿ ಬತ್ತ ಬೆಳೆಯುವ ಚನ್ನಗಿರಿ ಸೀಮೆಯಲ್ಲಿ ಅನ್ನವಿಲ್ಲದೆ ಊಟ ಮುಗಿಯದು. ಹೀಗಿರುವಾಗ, ಅಕ್ಕಿಯೊಳಗಿನ ಆರ್‌ಎನ್‌ಎ ರಕ್ತ ಸೇರಿ ಕೊಲೆಸ್ಟರಾಲ್ ಏರಿಸುತ್ತದೆಂಬ ಮಾತು ಕೇಳಿದರೆ ನೀವು ಗಾಬರಿಯಾಗುವುದು ಸಹಜ.

ಮಾತಿಗೆ ಮೂಲವಿದೆ. ಜೀವಕೋಶದಲ್ಲಿ ಸುಮಾರು 22 ಅಕ್ಷರ ಉದ್ದದ ಪುಟ್ಟ ಆರ್‌ಎನ್‌ಎ ತುಣುಕುಗಳಿವೆ. ಇವುಗಳಿಂದ ಪ್ರೋಟೀನ್ ತಯಾರಾಗುವುದಿಲ್ಲ. ತೂಬಿನ ಹಲಗೆ ನೀರನ್ನು ತಡೆಯುವಂತೆ ಇವು ಇತರ ವಂಶವಾಹಿಗಳ ಕೆಲಸವನ್ನು ತಗ್ಗಿಸುತ್ತವೆ. ಮೇದೋಜೀರಕ ಗ್ರಂಥಿಯ ಇಂಥದೊಂದು ತುಣುಕು ಇನ್ಸುಲಿನ್ ಸ್ರಾವಕ್ಕೆ ಕಡಿವಾಣ ಹಾಕುವುದು 2004ರಲ್ಲಿ ತಿಳಿಯಿತು. ಅಂದರೆ ಸಕ್ಕರೆ ಕಾಯಿಲೆಗೂ ಇವಕ್ಕೂ ನಂಟಿರುವುದು ಸುಳ್ಳಲ್ಲ.

ಆದರೆ ಅಕ್ಕಿಯ ವಿಚಾರ ಬೇರೆ. ಅಕ್ಕಿಯ ತುಣುಕೊಂದು ಮನುಷ್ಯರ ರಕ್ತದಲ್ಲಿ ಸಿಕ್ಕಿತೆಂದೂ ಇಲಿಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸಿತೆಂದೂ ಚೀನಾದ ನಾನ್‌ಜಿಂಗ್ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. 2013ರಲ್ಲಿ ಬೇರೆಯವರು ಇಲಿಗಳಿಗೆ ಅಕ್ಕಿ ತಿನ್ನಿಸಿ ನೋಡಿದಾಗ ಆ ತುಣುಕು ಗಣನೀಯವಾಗಿ ರಕ್ತ ಸೇರಿದ್ದು ಕಾಣಲಿಲ್ಲ. ಬರೀ ಅಕ್ಕಿ ತಿಂದ ಇಲಿಗಳಲ್ಲಿ ಕೊಲೆಸ್ಟರಾಲ್ ಏನೋ ಏರಿತು. ಕೊರತೆಯ ಪೋಷಕಾಂಶ ಸೇರಿಸಿ ಕೊಟ್ಟಾಗ ಏರಲಿಲ್ಲ!

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ದೂರಬೇಕಾದ್ದು ಆರ್‌ಎನ್‌ಎಯನ್ನಲ್ಲ, ಬರೀ ಅನ್ನ ತುಂಬಿದ ತಟ್ಟೆಯನ್ನು. ಗಿರಣಿಯವನಿಗೆ ಪಾಲಿಷ್ ಕಡಿಮೆ ಮಾಡಲು ಹೇಳಿ. ಈಗ ನಾರು, ಜೀವಸತ್ವಗಳೆಲ್ಲ ತೌಡಾಗಿ ದನದ ಪಾಲಾಗುತ್ತಿವೆ. ಗದ್ದೆಯ ಬದುವಿನಲ್ಲಿ ತೊಗರಿ, ಹಿತ್ತಿಲಲ್ಲಿ ಸೊಪ್ಪು ಹಾಕಿ. ಒಂದು ಹೊತ್ತಾದರೂ ರಾಗಿ ಇರಲಿ.