ಬೇರಿಗೆ ವಿಷ ಕಟ್ಟಿದ ಮರದ ಎಳನೀರು ಯಾರಿಗೆ?

ಬೇಸಿಗೆ ಬಂತೆಂದರೆ ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಕೆಳಗಿನ ಗರಿಗಳು ಬೆಂಕಿ ತಗುಲಿದಂತೆ ಒಣಗುವುದು ಹೊಸದೇನಲ್ಲ. ನೀರು ಸಾಲದೆ ಹೀಗಾಗಿದೆ ಅನ್ನುವವರು ಒಮ್ಮೆ ಗರಿ ತಿರುಗಿಸಿ ನೋಡಿ. ಅಡಿಭಾಗದಲ್ಲಿ ನೂಲು, ಹಿಕ್ಕೆ ಸೇರಿಸಿ ಕಟ್ಟಿದ ಸುರಂಗ ಇದ್ದರೆ ಅದು ಕಪ್ಪುತಲೆ ಹುಳುವಿನ ಕೆಲಸ. ಬೂದು ಬಣ್ಣದ ಸಣ್ಣ ಪತಂಗವೊಂದು ಅಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಸುಮಾರು 40 ದಿನ ಸುರಂಗದೊಳಗೇ ಕೂತು ಹಸಿರು ಕೆರೆದು ತಿನ್ನುತ್ತದೆ.

ನನ್ನ ತಕರಾರಿರುವುದು ಇದಕ್ಕೆ ನಾವು ಮಾಡುವ ಮದ್ದಿನ ಬಗ್ಗೆ. ಹಸಿ ಬೇರು ಕತ್ತರಿಸಿ ಮೊನೊಕ್ರೊಟೊಫಾಸ್ ಚೀಲ ಕಟ್ಟುವುದು ಹಳೇ ಪದ್ಧತಿ. ಕಾಲೇಜಿನಲ್ಲಿ ನಮಗೂ ಅದನ್ನೇ ಹೇಳಿಕೊಟ್ಟರು, ಜೊತೆಗೊಂದು ಷರತ್ತೂ ಇತ್ತು: ಕಾಯಿ ಇಳಿಸಿದ ಮೇಲೆಯೇ ಕಟ್ಟಬೇಕು, ಆಮೇಲೆ 45 ದಿನ ಕೊಯ್ಲು ಮಾಡಬಾರದು. ಈಗ ನೀವೇ ಹೇಳಿ, ಹುಳು ಹೆಚ್ಚುವುದೂ ಬೇಸಿಗೆಯಲ್ಲಿ, ಎಳನೀರಿಗೆ ರೇಟು ಬರೋದೂ ಬೇಸಿಗೆಯಲ್ಲಿ. ವ್ಯಾಪಾರಿ ತೋಟದ ಮುಂದೆ ಗಾಡಿ ನಿಲ್ಲಿಸಿದಾಗ 45 ದಿನ ಎಣಿಸುವವರು ಎಷ್ಟು ಜನ? ಯಾವ ಮರಕ್ಕೆ ಯಾವತ್ತು ಕಟ್ಟಿದೆವು ಅಂತ ಬರೆದಿಟ್ಟವರು ನನಗಂತೂ ಸಿಕ್ಕಿಲ್ಲ. ತರಕಾರಿಗೆ ಬಳಸಬಾರದೆಂದು 2005ರಲ್ಲೇ ನಿಷೇಧಿಸಿದ ವಿಷ ಇದು. ಎಳನೀರು ಹೋಗುವುದು ಆಸ್ಪತ್ರೆ ಮುಂದಿನ ಗಾಡಿಗೆ, ಕುಡಿಯುವವರು ಜ್ವರದವರು, ಬಸುರಿಯರು.

ಬೇರೆ ದಾರಿ ಇದೆ. ಗೋನಿಯೋಜಸ್ ಎಂಬ ಪುಟ್ಟ ಕಣಜ ಸುರಂಗಕ್ಕೇ ನುಗ್ಗಿ, ಹುಳುವನ್ನು ಕುಟುಕಿ, ಅದರ ಮೈಮೇಲೆ ಮೊಟ್ಟೆ ಇಡುತ್ತೆ. ಹುಟ್ಟಿದ ಮರಿಗಳಿಗೆ ಆ ಹುಳುವೇ ಊಟ. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಇದನ್ನು ಬೆಳೆಸಿ ಕೊಡುತ್ತಾರೆ. ಆದರೆ ಸಿಕ್ಕಿದ ದಿನ ಬಿಟ್ಟರೆ ಕೆಲಸ ಆಗಲ್ಲ. ಹುಳು ಸ್ವಲ್ಪ ಬಲಿತಿರಬೇಕು. ಬರೀ ಕೋಶ, ಪತಂಗ ಇರುವಾಗ ಬಿಟ್ಟದ್ದು ದಂಡ. ಒಬ್ಬರೇ ಬಿಟ್ಟರೂ ಅಷ್ಟೇ, ಪತಂಗಕ್ಕೆ ಬೇಲಿ ಗೊತ್ತಿಲ್ಲ. ನಮ್ಮ ಸುತ್ತಲಿನ ಐದು ತೋಟದವರು ಒಂದೇ ವಾರದಲ್ಲಿ ಬಿಟ್ಟು, 15 ದಿನಕ್ಕೊಮ್ಮೆ ಮತ್ತೆ ಬಿಟ್ಟ ವರ್ಷ ಮೇಲಿನ ಗರಿಗಳಿಗೆ ಹುಳು ಏರಲಿಲ್ಲ.

ಪೂರ್ತಿ ಒಣಗಿದ ಕೆಳಗಿನ ಗರಿಗಳನ್ನು ಕಡಿದು ಸುಡಿ, ಸಾಕು. ಹಸಿರು ಉಳಿದ ಗರಿಯನ್ನೂ ಬೋಳಿಸುವುದು ಮರದ ಅನ್ನ ಕಿತ್ತುಕೊಂಡಂತೆ.

ಏಪ್ರಿಲ್‌ನಲ್ಲಿ ತೋಟ ಕೆಂಪಾದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ಕೇಳಿದರೆ ಕಣಜ ಎಲ್ಲಿಂದ ಬರಬೇಕು? ಡಿಸೆಂಬರ್‌ನಿಂದಲೇ ಗರಿ ತಿರುವಿ ನೋಡಿ, ಅಕ್ಕಪಕ್ಕದವರು ಸೇರಿ ಮೊದಲೇ ಬೇಡಿಕೆ ಕೊಡಿ. ಈಗಾಗಲೇ ಚೀಲ ಕಟ್ಟಿದ್ದೀರಾ? ಹಾಗಿದ್ದರೆ ಆ ಮರಕ್ಕೆ ಸುಣ್ಣದಲ್ಲಿ ತಾರೀಖು ಬರೆಯಿರಿ. 45 ದಿನ ಕಳೆಯುವ ತನಕ ವ್ಯಾಪಾರಿಗೆ ಆ ಮರ ಹತ್ತಲು ಬಿಡಬೇಡಿ, ಎಷ್ಟೇ ರೇಟು ಹೇಳಲಿ.